ಮಿಡಿಯುವ ಹವಳವನ್ನು ಮನೆಯಲ್ಲಿ ಸಾಕುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಮೂರು ಅಡಿ ಉದ್ದದ ಉಪ್ಪುನೀರಿನ ಗಾಜಿನ ತೊಟ್ಟಿ ಇದೆ. ಅದರ ಎಡಭಾಗದ ಕಲ್ಲಿನ ಮೇಲೆ ಝೀನಿಯಾ ಎಂಬ ಮೃದು ಹವಳದ ಗುಂಪೊಂದು ತನ್ನ ಪುಟ್ಟ ಕೈಗಳನ್ನು ಮುಚ್ಚುತ್ತ ತೆರೆಯುತ್ತ ಇರುತ್ತದೆ. ನೋಡಲು ಬಂದವರಲ್ಲಿ ಅನೇಕರು ತಾವೂ ಸಾಕಬೇಕೆಂದು ಆಸೆಪಟ್ಟಿದ್ದಾರೆ. ಹುಬ್ಬಳ್ಳಿ, ಗದಗ, ಹಾವೇರಿಗಳಿಂದ ಫೋನ್ ಮಾಡಿ ಕೇಳುವವರೂ ಇದ್ದಾರೆ. ಕಡಲಿನಿಂದ ದೂರದ ಬಯಲುಸೀಮೆಯಲ್ಲಿ ಕುಳಿತು ಕಡಲಿನ ಜೀವಿಯನ್ನು ಸಾಕುವಾಗ ಏಳುವ ತೊಂದರೆಗಳು ಮುಂಬಯಿ, ಚೆನ್ನೈಗಳವರ ತೊಂದರೆಗಳಿಗಿಂತ ಬೇರೆ. ಹಾಗಾಗಿ ನಮ್ಮ ನೀರು, ನಮ್ಮ ಬೇಸಿಗೆ, ನಮ್ಮ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಹವಳ ಎಂದರೆ ಉಂಗುರದಲ್ಲಿ ಕೂರಿಸುವ ಕೆಂಪು ಕಲ್ಲಲ್ಲವೇ? ಅದನ್ನು ಸಾಕುವುದು ಹೇಗೆ?

ನಮ್ಮ ಅವ್ವ ಮೊದಲ ದಿನ ಕೇಳಿದ ಪ್ರಶ್ನೆಯೂ ಇದೇ. ಮಂಗಳ ಗ್ರಹಕ್ಕೆಂದು ಅಕ್ಕಸಾಲಿಗರು ಕೂರಿಸಿಕೊಡುವ ಕೆಂಪು ಹವಳ ಒಂದು ಕಡಲಪ್ರಾಣಿಯ ಅಸ್ಥಿ. ಪ್ರಾಣಿ ಸತ್ತ ಮೇಲೆ ಉಳಿಯುವ ಗಟ್ಟಿ ಭಾಗವನ್ನು ಕಡೆದು ಹೊಳಪು ಕೊಟ್ಟು ಮಣಿ ಮಾಡುತ್ತಾರೆ. ಜೀವಂತವಿದ್ದಾಗ ಆ ಕೆಂಪು ಕೊಂಬೆಯ ಮೈತುಂಬ ಪಾಲಿಪ್‌ಗಳೆಂಬ ಪುಟ್ಟ ಪುಟ್ಟ ಪ್ರಾಣಿಗಳು ಅರಳಿರುತ್ತವೆ. ಒಂದೊಂದು ಪಾಲಿಪ್‌ಗೂ ಎಂಟು ಕೈಗಳು.

ಝೀನಿಯಾ ಕೂಡ ಇದೇ ಎಂಟು ಕೈಗಳ ಕುಲಕ್ಕೆ ಸೇರಿದ್ದು. ಹೀಗಾಗಿ ಕಡಲಿನಲ್ಲಿ ದಿಬ್ಬಗಳನ್ನು ಕಟ್ಟುವ ಕಲ್ಲುಹವಳಗಳಿಗಿಂತ ನಿಮ್ಮ ಅಜ್ಜಿಯ ಕೊರಳಿನ ಹವಳದ ಸರಕ್ಕೇ ಇದು ಹತ್ತಿರದ ನೆಂಟ. ವ್ಯತ್ಯಾಸವೆಂದರೆ ಝೀನಿಯಾಗೆ ಗಟ್ಟಿಯಾದ ಅಸ್ಥಿ ಇಲ್ಲ. ಮುಟ್ಟಿದರೆ ಹಾಲುಬಾಯಿಯ ತುಣುಕಿನಂತೆ ಮೆತ್ತಗಿರುತ್ತದೆ. ತೋಟದಲ್ಲಿ ಬೆಳೆಯುವ ಝಿನಿಯಾ ಹೂವಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಮನೆಯಲ್ಲಿ ಹವಳ ಇಟ್ಟುಕೊಳ್ಳುವುದು ಕಾನೂನಿನ ಪ್ರಕಾರ ಸರಿಯೇ?

ಕೆಲವು ಹವಳ ಸರಿ, ಹಲವು ಸರಿಯಲ್ಲ. ಇದನ್ನು ತಿಳಿದುಕೊಳ್ಳದೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ.

1972 ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001 ರಲ್ಲಿ ಹವಳಗಳನ್ನು ಸೇರಿಸಲಾಯಿತು. ದಿಬ್ಬ ಕಟ್ಟುವ ಎಲ್ಲ ಕಲ್ಲುಹವಳಗಳು, ಕಪ್ಪು ಹವಳ, ಆರ್ಗನ್ ಪೈಪ್ ಹವಳ, ಬೆಂಕಿ ಹವಳ ಮತ್ತು ಕಡಲ ಬೀಸಣಿಗೆಗಳು ಆ ಪಟ್ಟಿಯಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಇವಕ್ಕೂ ಇದೆ. ಅಪರಾಧ ಸಾಬೀತಾದರೆ ಮೂರರಿಂದ ಏಳು ವರ್ಷಗಳವರೆಗೆ ಸೆರೆವಾಸವಿದೆ. ಸತ್ತ ಹವಳದ ಕಲ್ಲಿಗೂ ಇದು ಅನ್ವಯಿಸುತ್ತದೆ. ಆದ್ದರಿಂದ ತೊಟ್ಟಿಯ ಅಲಂಕಾರಕ್ಕೆಂದು ಯಾರೋ ಕಡಲತೀರದಿಂದ ತಂದುಕೊಟ್ಟ ಬಿಳಿ ಹವಳದ ತುಂಡನ್ನೂ ಇಟ್ಟುಕೊಳ್ಳಬೇಡಿ.

ಝೀನಿಯಾ ಆ ಐದು ಗುಂಪುಗಳಲ್ಲಿ ಬರುವುದಿಲ್ಲ. ನಾನು ಅದನ್ನು ಆರಿಸಿಕೊಂಡದ್ದಕ್ಕೆ ಮೊದಲ ಕಾರಣವೇ ಇದು. ಆದರೂ ಕಡಲಿನಿಂದ ಕಿತ್ತು ತಂದದ್ದನ್ನು ಕೊಳ್ಳಬೇಡಿ. ಇನ್ನೊಬ್ಬರ ತೊಟ್ಟಿಯಲ್ಲೇ ಬೆಳೆದ ತುಂಡನ್ನು ಕೇಳಿ, ಅಂಗಡಿಯಿಂದಾದರೆ ಹೆಸರು ನಮೂದಿಸಿದ ಬಿಲ್ ಪಡೆದುಕೊಳ್ಳಿ. ಅಂಗಡಿಯವರು ಕಲ್ಲುಹವಳವನ್ನು ಬೇರೆ ಹೆಸರಿನಲ್ಲಿ ತೋರಿಸಿ «ಯಾರೂ ಕೇಳುವುದಿಲ್ಲ» ಎಂದರೆ ಅಲ್ಲಿಂದ ಎದ್ದು ಬನ್ನಿ. ಅನುಮಾನವಿದ್ದರೆ ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ.

ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತ ನಮ್ಮ ರಾಜ್ಯದ್ದೇ ಹವಳಗಳಿವೆ. ಅವನ್ನು ನೀರಿನಲ್ಲಿ ಮುಳುಗಿ ನೋಡಿ ಬರಬಹುದು. ಅಲ್ಲಿಂದ ಏನನ್ನೂ ತರಬಾರದು.

ಇದು ಮಿಡಿಯುವುದು ಏಕೆ?

ನಾನು ಗಂಟೆಗಟ್ಟಲೆ ನೋಡುತ್ತ ಕುಳಿತಿರುವುದು ಈ ಮಿಡಿತವನ್ನೇ. ಆಹಾರ ಹಿಡಿಯಲು ಕೈ ಆಡಿಸುತ್ತದೆ ಎಂದು ಮೊದಲು ಅಂದುಕೊಂಡಿದ್ದೆ. ಆದರೆ ಅದರ ಬಹುಪಾಲು ಆಹಾರ ಹೊರಗಿನಿಂದ ಬರುವುದೇ ಇಲ್ಲ. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಗಳು ವಾಸವಾಗಿವೆ. ಬೆಳಕಿನಲ್ಲಿ ಅವು ಸಕ್ಕರೆ ತಯಾರಿಸುತ್ತವೆ, ಹವಳ ಅದನ್ನು ಉಣ್ಣುತ್ತದೆ. ಹೀಗೆ ತಯಾರಿಸುವಾಗ ಹೊರಬೀಳುವ ಆಮ್ಲಜನಕ ಮೈಯ ಸುತ್ತ ತುಂಬಿಕೊಂಡರೆ ಪಾಚಿಗಳ ಕೆಲಸ ನಿಧಾನವಾಗುತ್ತದೆ. ಕೈಗಳ ಮಿಡಿತ ಆ ನೀರನ್ನು ದೂಡಿ ಹೊಸ ನೀರನ್ನು ಎಳೆದುಕೊಳ್ಳುತ್ತದೆ. ಕೆಂಪು ಸಮುದ್ರದಲ್ಲಿ ಇದೇ ಕುಟುಂಬದ ಹವಳವೊಂದರ ಮೇಲೆ ಇಸ್ರೇಲಿನ ವಿಜ್ಞಾನಿಗಳು ನಡೆಸಿ 2013 ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಇದು ತಿಳಿದುಬಂತು. ಆ ಹವಳ ರಾತ್ರಿಯೂ ಮಿಡಿಯುತ್ತದೆ. ಮಧ್ಯಾಹ್ನದ ಹೊತ್ತು ಮಾತ್ರ ಸ್ವಲ್ಪ ಕಾಲ ವಿಶ್ರಮಿಸುತ್ತದೆ. ನಿಮ್ಮ ತೊಟ್ಟಿಯಲ್ಲಿಯೂ ಮಧ್ಯಾಹ್ನ ಕೆಲಹೊತ್ತು ಕೈಗಳು ನಿಂತರೆ ಹೆದರಬೇಡಿ.

ಇದು ಕಳೆಯಂತೆ ಬೆಳೆಯುತ್ತದೆ ಎನ್ನುತ್ತಾರೆ. ನೀವು ನಾಜೂಕು ಎನ್ನುತ್ತೀರಿ. ಯಾವುದು ನಿಜ?

ಎರಡೂ ನಿಜ. ಒಗ್ಗಿದ ನೀರಿನಲ್ಲಿ ಇದು ಕಲ್ಲಿನಿಂದ ಕಲ್ಲಿಗೆ ಹಬ್ಬುತ್ತದೆ. ಅದೇ ಗುಂಪು ಒಂದು ದಿನ ಇದ್ದಕ್ಕಿದ್ದಂತೆ ಮುದುಡಿ, ಎರಡು ದಿನಗಳಲ್ಲಿ ಕರಗಿ ಲೋಳೆಯಾಗಿಬಿಡುತ್ತದೆ. ಪ್ರಯಾಣವನ್ನೂ ಇದು ಸಹಿಸುವುದಿಲ್ಲ. ಇದು ಸಹಿಸದೆ ಇರುವುದು ಹಠಾತ್ ಬದಲಾವಣೆಯನ್ನು. ಕೆಳಗಿನ ಉತ್ತರಗಳೆಲ್ಲ ಕೊನೆಗೆ ಬಂದು ಮುಟ್ಟುವುದು ಅಲ್ಲಿಗೇ.

ಎಷ್ಟು ದೊಡ್ಡ ತೊಟ್ಟಿ ಬೇಕು? ಮಾಳಿಗೆಯ ಮೇಲೆ ಇಡಬಹುದೇ?

ಚಿಕ್ಕ ತೊಟ್ಟಿಯ ನೀರು ಬೇಗ ಬದಲಾಗುತ್ತದೆ, ದೊಡ್ಡದರ ನೀರು ತಡವಾಗಿ. ನಮ್ಮದು ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಲೆಕ್ಕಕ್ಕೆ ಸುಮಾರು 190 ಲೀಟರ್, ಕಲ್ಲು ಹಾಕಿದ ಮೇಲೆ ಉಳಿಯುವ ನೀರು 160 ಲೀಟರ್ ಇರಬಹುದು. ಗಾಜು, ಕಲ್ಲು, ಸ್ಟ್ಯಾಂಡ್ ಎಲ್ಲ ಸೇರಿದರೆ ತೂಕ 250 ಕಿಲೋ ದಾಟುತ್ತದೆ. ಹಳೆಯ ಜಂತಿ ಮಾಳಿಗೆಯ ಮನೆಗಳಲ್ಲಿ ಮೇಲಂತಸ್ತಿನ ಮೇಲೆ ಇಷ್ಟು ಭಾರ ಹೇರಬೇಡಿ. ನೆಲಮಹಡಿಯಲ್ಲಿ, ಬಿಸಿಲು ನೇರವಾಗಿ ಬೀಳದ ಗೋಡೆಗೆ ಒತ್ತಿ ಇಡಿ.

ಕಲ್ಲು ಹಾಕುವಾಗ ಪಿಂಗಾಣಿಯಂತೆ ಸುಟ್ಟು ತಯಾರಿಸಿದ ಕೃತಕ ಕಲ್ಲನ್ನೇ ಬಳಸಿ. ಸತ್ತ ಹವಳದ ಕಲ್ಲಿಗೂ ಕಾಯ್ದೆ ಅನ್ವಯಿಸುತ್ತದೆ ಎಂದು ಮೇಲೆ ಹೇಳಿದ್ದೇನೆ.

ತೊಟ್ಟಿ ತುಂಬಿಸಿದ ಎಷ್ಟು ದಿನಕ್ಕೆ ಹವಳ ತರಬಹುದು?

ಅವಸರ ಮಾಡಿದವರೆಲ್ಲ ಕಳೆದುಕೊಂಡಿದ್ದಾರೆ. ಮೊದಲು ನೀರಿನಲ್ಲಿ ಅಮೋನಿಯಾವನ್ನು ನೈಟ್ರೈಟ್ ಆಗಿ, ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಾಯಿಸುವ ಬ್ಯಾಕ್ಟೀರಿಯಾಗಳು ಕಲ್ಲಿನ ಮೇಲೆ ನೆಲೆಸಬೇಕು. ಅದಕ್ಕೆ ನಾಲ್ಕರಿಂದ ಆರು ವಾರ ಬೇಕು. ಆಮೇಲೆ ಒಂದು ಜೋಡಿ ಕ್ಲೌನ್ ಮೀನು ಬಿಡಿ. ಝೀನಿಯಾ ಬರಬೇಕಾದದ್ದು ಮೂರು ತಿಂಗಳ ನಂತರ. ನಾನು ಐದು ತಿಂಗಳು ಕಾದೆ. ಆ ಹೊತ್ತಿಗೆ ಕಂದು ಪಾಚಿ ಬಂದು ಹೋಗಿತ್ತು, ಗಾಜಿನ ಮೇಲೆ ಸಣ್ಣ ಸಣ್ಣ ಹುಳುಗಳು ಓಡಾಡುತ್ತಿದ್ದವು. ಆ ಹುಳುಗಳನ್ನು ಕಂಡು ಗಾಬರಿಯಾಗಬೇಡಿ. ನೀರು ಹದಕ್ಕೆ ಬಂದಿದೆ ಎಂದು ಹೇಳುವವು ಅವೇ.

ನಳದ ನೀರು ಬಳಸಬಹುದೇ? ಮನೆಯಲ್ಲಿ ಆರ್‌ಓ ಇದೆ, ಅದು ಸಾಲದೇ?

ಹೆಚ್ಚು ಹವಳಗಳು ಸಾಯುವುದು ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಗದೆ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಹುಬ್ಬಳ್ಳಿ-ಧಾರವಾಡಕ್ಕೆ ಮುಖ್ಯವಾಗಿ ಸವದತ್ತಿ ಬಳಿಯ ನವಿಲುತೀರ್ಥದ ಜಲಾಶಯದಿಂದ ಮಲಪ್ರಭೆಯ ನೀರು ಬರುತ್ತದೆ. ಕುಡಿಯಲು ಒಳ್ಳೆಯ ನೀರು. ಆದರೆ ಅದರಲ್ಲಿ ಕ್ಲೋರಿನ್ ಇರುತ್ತದೆ, ಮಳೆಗಾಲದ ಮೊದಲ ವಾರಗಳಲ್ಲಿ ಕೆಸರೂ ಇರುತ್ತದೆ. ಗದಗ, ನವಲಗುಂದದ ಕಡೆಯ ಎರೆಭೂಮಿಯ ಕೊಳವೆಬಾವಿಗಳ ನೀರು ಬಹಳ ಗಡಸು. ಗದಗ ಜಿಲ್ಲೆಯ ಕೆಲವೆಡೆ ಫ್ಲೋರೈಡ್ ಕೂಡ ಇದೆ. ಇವಾವುದನ್ನೂ ನೇರವಾಗಿ ತೊಟ್ಟಿಗೆ ಹಾಕುವಂತಿಲ್ಲ. ಆರ್‌ಓ ಪೊರೆ ಕರಗಿದ ಲವಣಗಳಲ್ಲಿ ನೂರಕ್ಕೆ ತೊಂಬತ್ತೈದರಷ್ಟನ್ನು ತಡೆಯುತ್ತದೆ. ಕೊಳವೆಬಾವಿಯ ನೀರಿನ ಟಿಡಿಎಸ್, ಅಂದರೆ ಕರಗಿದ ಲವಣಗಳ ಅಳತೆ, 1,200 ಇದ್ದರೆ ಆಚೆ ಬರುವ ನೀರಿನಲ್ಲಿ ಇನ್ನೂ 60 ಉಳಿದಿರುತ್ತದೆ. ಅದನ್ನೂ ತೆಗೆಯಲು ಡಿಐ ರೆಸಿನ್ ತುಂಬಿದ ಇನ್ನೊಂದು ಕೊಳವೆ ಬೇಕು. ಟಿಡಿಎಸ್ ಮೀಟರ್ ಸೊನ್ನೆ ತೋರಿಸಿದಾಗ ಮಾತ್ರ ಆ ನೀರು ಹವಳಕ್ಕೆ ಯೋಗ್ಯ.

ಅಡುಗೆಮನೆಯ ಆರ್‌ಓ ಯಂತ್ರಗಳಲ್ಲಿ ಎರಡು ತೊಂದರೆಗಳಿವೆ. ರುಚಿಗೆಂದು ಅವು ಸ್ವಲ್ಪ ಕಚ್ಚಾ ನೀರನ್ನು ಮತ್ತೆ ಬೆರೆಸುತ್ತವೆ. ಇದಕ್ಕಿಂತ ದೊಡ್ಡ ಅಪಾಯವೆಂದರೆ ಈಗ ಮಾರುವ ಅನೇಕ ಯಂತ್ರಗಳಲ್ಲಿ ಆರೋಗ್ಯಕ್ಕೆಂದು ತಾಮ್ರದ ಕೊಳವೆ ಇರುತ್ತದೆ. ಮನುಷ್ಯರಿಗೆ ಒಳ್ಳೆಯದೆಂದು ಸೇರಿಸುವ ಆ ತಾಮ್ರ ಹವಳಕ್ಕೆ, ಸೀಗಡಿಗೆ, ಬಸವನಹುಳುವಿಗೆ ವಿಷ. ಒಮ್ಮೆ ನಾನು ಕೆಲಸಕ್ಕೆ ಹೋಗಿದ್ದಾಗ ತೊಟ್ಟಿಯ ನೀರು ಇಳಿದಿದ್ದನ್ನು ಕಂಡ ಅವ್ವ, ಪಾಪ ಜೀವಗಳಿಗೆ ನೀರಿಲ್ಲವೆಂದು ದೇವರ ಮನೆಯ ತಾಮ್ರದ ಕೊಡದಿಂದ ಎರಡು ಚೊಂಬು ಶುದ್ಧ ನೀರು ಹಾಕಿದ್ದರು. ಸಂಜೆಯ ಹೊತ್ತಿಗೆ ಝೀನಿಯಾ ಮುದುಡಿತ್ತು, ಸೀಗಡಿ ಮಗ್ಗುಲಾಗಿತ್ತು. ಅದೇ ರಾತ್ರಿ ಕಾಲು ಭಾಗ ನೀರು ಬದಲಿಸಿ, ವಿಷ ಹೀರುವ ಹೊಸ ಅಕ್ವೇರಿಯಂ ಇದ್ದಿಲು (ಆಕ್ಟಿವೇಟೆಡ್ ಕಾರ್ಬನ್) ಹಾಕಿದ ಮೇಲೆ ಹವಳ ಉಳಿಯಿತು. ಸೀಗಡಿ ಉಳಿಯಲಿಲ್ಲ. ಅವ್ವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ತಪ್ಪು ಅವರದಲ್ಲ, ಮನೆಯವರಿಗೆ ಹೇಳಿಡದ ನನ್ನದು. ತಾಮ್ರ, ಹಿತ್ತಾಳೆಯ ಪಾತ್ರೆಗಳನ್ನು ತೊಟ್ಟಿಯ ಹತ್ತಿರ ತರಬಾರದೆಂದು ನಿಮ್ಮ ಮನೆಯ ಎಲ್ಲರಿಗೂ ಮೊದಲ ದಿನವೇ ತಿಳಿಸಿ.

ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳಿಂದ ಕ್ಯಾನ್‌ನಲ್ಲಿ ನೀರು ತರುವವರು ಮೀಟರ್ ಜೊತೆಗೆ ಒಯ್ಯಿರಿ. ಘಟಕದಿಂದ ಘಟಕಕ್ಕೆ ಅಂಕಿ ಬೇರೆ. ಆರ್‌ಓದಿಂದ ಹೊರಹೋಗುವ ನೀರನ್ನು ಚೆಲ್ಲಬೇಡಿ, ನೆಲ ಒರೆಸಲು, ಪಾಯಿಖಾನೆಗೆ ಆಗುತ್ತದೆ.

ಉಪ್ಪು ಯಾವುದು? ಎಷ್ಟು ಹಾಕಬೇಕು?

ಅಡುಗೆಯ ಉಪ್ಪಿನಿಂದ ಆಗುವುದಿಲ್ಲ. ಕಡಲಿನ ಲವಣಗಳೆಲ್ಲ ಸೇರಿದ ಅಕ್ವೇರಿಯಂ ಉಪ್ಪೇ ಬೇಕು. 20 ಲೀಟರ್ ನೀರಿಗೆ ಸುಮಾರು 700 ರಿಂದ 760 ಗ್ರಾಂ ಹಿಡಿಯುತ್ತದೆ. ಉಪ್ಪನ್ನು ನೀರಿಗೆ ಹಾಕಬೇಕು, ಉಪ್ಪಿನ ಮೇಲೆ ನೀರು ಸುರಿಯಬಾರದು. ಸುರಿದರೆ ಕ್ಯಾಲ್ಸಿಯಂ ಬಿಳಿ ಗಸಿಯಾಗಿ ತಳಕ್ಕೆ ಕೂರುತ್ತದೆ. ಚಿಕ್ಕ ಪಂಪಿನಿಂದ ಒಂದು ದಿನ ಕದಡಿ, ಉಪ್ಪಿನ ಪ್ರಮಾಣ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ 35 ಪಿಪಿಟಿ (ಸಾವಿರ ಪಾಲಿಗೆ 35 ಪಾಲು ಉಪ್ಪು), ಅಂದರೆ ಸಾಪೇಕ್ಷ ಸಾಂದ್ರತೆಯಲ್ಲಿ ಸುಮಾರು 1.026 ಬಂದ ಮೇಲೆ ಬಳಸಿ. ಮೀಟರನ್ನು 35 ಪಿಪಿಟಿ ದ್ರಾವಣದಿಂದಲೇ ಸರಿಹೊಂದಿಸಿ.

ಕಾರವಾರದಿಂದ ಕಡಲ ನೀರನ್ನೇ ತರಬಹುದಲ್ಲ ಎಂದು ಕೇಳುವವರಿದ್ದಾರೆ. ದಡದ ನೀರಿನಲ್ಲಿ ದೋಣಿಗಳ ಎಣ್ಣೆ ಇರುತ್ತದೆ. ಮಳೆಗಾಲದಲ್ಲಿ ಕಾಳಿ ನದಿಯ ಸಿಹಿನೀರು ಬೆರೆತು ಉಪ್ಪಿನ ಪ್ರಮಾಣ ಇಳಿದುಹೋಗಿರುತ್ತದೆ. ನಾನು ಆ ದಾರಿ ಹಿಡಿಯಲಿಲ್ಲ.

ನೀರಿನ ಅಂಕಿಗಳು ಎಷ್ಟಿರಬೇಕು?

ಉಷ್ಣತೆ 24 ರಿಂದ 27 ಡಿಗ್ರಿ. ಪಿಎಚ್ 8.0 ರಿಂದ 8.4. ಕ್ಷಾರತೆ (ಪಿಎಚ್ ಏರಿಳಿಯದಂತೆ ತಡೆಯುವ ಶಕ್ತಿ) 8 ರಿಂದ 9 ಡಿಕೆಎಚ್ (ಅದನ್ನು ಅಳೆಯುವ ಮಾನ). ಕ್ಯಾಲ್ಸಿಯಂ 400 ರಿಂದ 450 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಪಾಲು), ಮೆಗ್ನೀಷಿಯಂ 1,250 ರಿಂದ 1,350. ಅಮೋನಿಯಾ ಸೊನ್ನೆ.

ನೈಟ್ರೇಟ್ ಮತ್ತು ಫಾಸ್ಫೇಟ್ ಮಾತ್ರ ಸೊನ್ನೆಯಾಗಬಾರದು. ನೈಟ್ರೇಟ್ 5 ರಿಂದ 10, ಫಾಸ್ಫೇಟ್ 0.03 ರಿಂದ 0.1 ಇದ್ದರೆ ಝೀನಿಯಾ ಸುಖವಾಗಿರುತ್ತದೆ. ನೀರು ಕನ್ನಡಿಯಂತಿರಲಿ ಎಂದು ದಿನವಿಡೀ ಸ್ಕಿಮ್ಮರ್, ಅಂದರೆ ಗಾಳಿಗುಳ್ಳೆಗಳಿಂದ ಕೊಳೆಯನ್ನು ನೊರೆಯಾಗಿ ತೆಗೆಯುವ ಯಂತ್ರ, ಓಡಿಸಿ, ವಾರಕ್ಕೆರಡು ಸಲ ನೀರು ಬದಲಿಸುವವರ ತೊಟ್ಟಿಯಲ್ಲಿ ಇದು ಸೊರಗಿ ಹೋಗುವುದನ್ನು ನಾನು ಕಂಡಿದ್ದೇನೆ. ಮೀನಿನ ಹೇಲೇ ಇದಕ್ಕೆ ಗೊಬ್ಬರ. ಪ್ರತ್ಯೇಕವಾಗಿ ಯಾವ ಆಹಾರವನ್ನೂ ಹಾಕುವುದು ಬೇಡ. ವಾರಕ್ಕೊಮ್ಮೆ ನೂರಕ್ಕೆ ಹತ್ತರಷ್ಟು ನೀರು ಬದಲಿಸಿದರೆ ಸಾಕು.

ನಮ್ಮ ಬೇಸಿಗೆಯಲ್ಲಿ ಇದು ಬದುಕುತ್ತದೆಯೇ?

ಬದುಕುತ್ತದೆ, ಆದರೆ ಮಾರ್ಚ್‌ನಿಂದ ಮೇ ತಿಂಗಳವರೆಗೆ ನೀವು ತೊಟ್ಟಿಯ ಕಡೆ ದಿನಕ್ಕೆರಡು ಸಲ ಕಣ್ಣಿಡಬೇಕು. ನೀರು 29 ಡಿಗ್ರಿ ದಾಟಿದರೆ ಹವಳ ಮೈಯೊಳಗಿನ ಪಾಚಿಗಳನ್ನು ಹೊರಹಾಕಿ ಬಿಳಿಚಿಕೊಳ್ಳಲು ಶುರುಮಾಡಬಹುದು. ನೀರು ತಂಪಾಗಿಸುವ ಚಿಲ್ಲರ್ ಯಂತ್ರ ಎಲ್ಲರಿಗೂ ಎಟುಕುವುದಿಲ್ಲ. ನಮ್ಮ ಒಣಗಾಳಿಯಲ್ಲಿ ಅದಕ್ಕಿಂತ ಸುಲಭದ ದಾರಿ ಇದೆ. ನೀರಿನ ಮೇಲ್ಮೈಗೆ ಒಂದು ಚಿಕ್ಕ ಫ್ಯಾನ್ ತಿರುಗಿಸಿ. ನೀರು ಆರುವಾಗ ಶಾಖವನ್ನೂ ಒಯ್ಯುತ್ತದೆ, ಮಣ್ಣಿನ ಗಡಿಗೆಯ ನೀರು ತಣ್ಣಗಾಗುವ ಹಾಗೆ. ನಮ್ಮಲ್ಲಿ ಎರಡು-ಮೂರು ಡಿಗ್ರಿ ಇಳಿಯುತ್ತದೆ. ಗದಗದ ಬಿಸಿಲಿಗೆ ಇದೊಂದೇ ಸಾಲದೆ ಹೋಗಬಹುದು. ಅಂಥ ದಿನಗಳಲ್ಲಿ ದೀಪದ ಅವಧಿಯನ್ನು ಬೆಳಗಿನ ಜಾವಕ್ಕೋ ರಾತ್ರಿಗೋ ತಳ್ಳಿ.

ಫ್ಯಾನ್ ಹಚ್ಚಿದರೆ ನೀರು ಇಳಿಯುತ್ತದೆ. ಆರುವುದು ಸಿಹಿನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಬೇಸಿಗೆಯಲ್ಲಿ ನಮ್ಮ ತೊಟ್ಟಿಯಿಂದ ದಿನಕ್ಕೆ ಮೂರೂವರೆ ಲೀಟರ್ ಆರುತ್ತದೆ. ಇಳಿದಷ್ಟನ್ನೂ ಟಿಡಿಎಸ್ ಸೊನ್ನೆಯ ಸಿಹಿನೀರಿನಿಂದಲೇ ತುಂಬಬೇಕು. ಉಪ್ಪುನೀರು ಹಾಕಿದರೆ ಉಪ್ಪು ಏರುತ್ತಲೇ ಹೋಗುತ್ತದೆ.

ಇದರಲ್ಲಿ ನಾನು ಕಲಿತ ಪಾಠ ಕಹಿಯಾದದ್ದು. ಒಂದು ಏಪ್ರಿಲ್‌ನಲ್ಲಿ ಹಾವೇರಿಗೆ ಮದುವೆಗೆಂದು ಹೋದವರು ನಾಲ್ಕು ದಿನ ಉಳಿದೆವು. ನೀರು ತಾನಾಗಿಯೇ ತುಂಬುವ ವ್ಯವಸ್ಥೆ ಆಗ ನಮ್ಮಲ್ಲಿ ಇರಲಿಲ್ಲ. ಬಂದು ನೋಡಿದರೆ ಹದಿನಾಲ್ಕು ಲೀಟರ್ ಇಳಿದಿತ್ತು, ಉಪ್ಪು 35 ರಿಂದ 38 ದಾಟಿತ್ತು. ಹವಳ ಮುದುಡಿತ್ತು, ಆದರೆ ಜೀವಂತವಾಗಿತ್ತು. ನಾನು ಗಾಬರಿಯಲ್ಲಿ ಹದಿನಾಲ್ಕು ಲೀಟರನ್ನೂ ಹತ್ತು ನಿಮಿಷದಲ್ಲಿ ಸುರಿದೆ. ಮರುದಿನ ಅರ್ಧ ಗುಂಪು ಕರಗಿತ್ತು. ನಾಲ್ಕು ದಿನಗಳಲ್ಲಿ ನಿಧಾನವಾಗಿ ಏರಿದ ಉಪ್ಪನ್ನು ಅದು ತಡೆದುಕೊಂಡಿತ್ತು, ಹತ್ತು ನಿಮಿಷದಲ್ಲಿ ಇಳಿದದ್ದನ್ನು ತಡೆಯಲಿಲ್ಲ. ನಿಮಗೂ ಹೀಗಾದರೆ ಎರಡು-ಮೂರು ದಿನಗಳಲ್ಲಿ, ಗಂಟೆಗೆ ಒಂದು ಲೋಟದಂತೆ ಇಳಿಸುತ್ತ ಬನ್ನಿ.

ಮಳೆಗಾಲ ಮತ್ತು ಚಳಿಗಾಲದಲ್ಲಿ ಏನು ಬದಲಾಯಿಸಬೇಕು?

ಮೃಗಶಿರ ಮಳೆ ಹಿಡಿದ ಮೇಲೆ ಗಾಳಿ ತೇವವಾಗುತ್ತದೆ. ಅದೇ ತೊಟ್ಟಿಯಿಂದ ದಿನಕ್ಕೆ ಒಂದು ಲೀಟರ್ ಆರುವುದೂ ಕಷ್ಟ. ಬೇಸಿಗೆಯ ರೂಢಿಯಲ್ಲೇ ನೀರು ಸುರಿಯುತ್ತ ಹೋದರೆ ಉಪ್ಪು ತೆಳುವಾಗುತ್ತದೆ. ಗಾಜಿನ ಮೇಲೆ ಒಂದು ಗೆರೆ ಎಳೆದುಕೊಂಡು ಆ ಗೆರೆಗೆ ತುಂಬಿ. ಕಿಟಕಿಗಳು ಮುಚ್ಚಿಯೇ ಇರುವುದರಿಂದ ಮನೆಯೊಳಗೆ ಇಂಗಾಲದ ಡೈಆಕ್ಸೈಡ್ ಹೆಚ್ಚಿ ಪಿಎಚ್ ಕೂಡ ಇಳಿಯುತ್ತದೆ. ಮಳೆ ಬಿಟ್ಟಾಗ ಕಿಟಕಿ ತೆರೆಯಿರಿ. ಮೊದಲ ಮಳೆಗಳ ನಂತರ ಆರ್‌ಓದ ಕೆಸರು ಸೋಸುವ ಫಿಲ್ಟರ್ ಬದಲಿಸಿ.

ಡಿಸೆಂಬರ್, ಜನವರಿಯ ಧಾರವಾಡದ ರಾತ್ರಿಗಳಲ್ಲಿ 15 ಡಿಗ್ರಿಯ ಆಸುಪಾಸಿನ ಚಳಿ ಬೀಳುತ್ತದೆ. 200 ವ್ಯಾಟ್ ಹೀಟರ್ ಒಂದರ ಬದಲು 100 ವ್ಯಾಟಿನ ಎರಡು ಇಡಿ. ಒಂದು ಕೆಟ್ಟರೂ ನೀರು ಕುದಿಯುವುದಿಲ್ಲ, ತೀರಾ ತಣ್ಣಗೂ ಆಗುವುದಿಲ್ಲ.

ಕರೆಂಟ್ ಹೋದರೆ?

ಅಡ್ಡಮಳೆಯ ಗಾಳಿ-ಗುಡುಗಿನ ಸಂಜೆಗಳಲ್ಲಿ ಇದು ಎಲ್ಲರಿಗೂ ಬರುವ ಕಷ್ಟ. ದೀಪವಿಲ್ಲದೆ ಹವಳ ಒಂದೆರಡು ದಿನ ಇರಬಲ್ಲದು. ನೀರು ಅಲುಗಾಡದೆ ನಿಂತರೆ ಕೆಲವೇ ಗಂಟೆಗಳಲ್ಲಿ ಆಮ್ಲಜನಕ ತೀರಿ ಮೊದಲು ಮೀನು, ಅದರ ಹಿಂದೆ ಹವಳ ಸಾಯುತ್ತವೆ. ಇನ್ವರ್ಟರಿಗೆ ನೀರನ್ನು ಅಲುಗಾಡಿಸುವ ಐದು-ಹತ್ತು ವ್ಯಾಟಿನ ವೇವ್‌ಮೇಕರ್ ಒಂದನ್ನೇ ಜೋಡಿಸಿ. ಹೀಟರ್, ದೀಪ ಜೋಡಿಸಿದರೆ ಬ್ಯಾಟರಿ ಬೇಗ ಬರಿದಾಗುತ್ತದೆ. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಪಂಪುಗಳು ಗೊರಗುಟ್ಟುತ್ತವೆ, ಸೈನ್ ವೇವ್ ಒಳ್ಳೆಯದು. ಇನ್ವರ್ಟರ್ ಇಲ್ಲದಿದ್ದರೆ ಬ್ಯಾಟರಿಯ ಗಾಳಿಪಂಪ್ ಒಂದನ್ನು ಇಟ್ಟುಕೊಂಡಿರಿ. ಅದೂ ಇಲ್ಲದ ರಾತ್ರಿ ಲೋಟದಿಂದ ನೀರು ಮೊಗೆದು ಎತ್ತರದಿಂದ ಸುರಿಯುತ್ತ ಕೂರಬೇಕು. ನಾವು ಒಂದು ರಾತ್ರಿ ಹಾಗೆ ಸರದಿಯಲ್ಲಿ ಕುಳಿತಿದ್ದೇವೆ.

ಬೆಳಕು, ನೀರಿನ ಹರಿವು ಎಷ್ಟು?

ಮಧ್ಯಮ. ಬೆಳಕು 50 ರಿಂದ 150 ಪಾರ್ (ಪಾಚಿಗಳಿಗೆ ಒದಗುವ ಬೆಳಕಿನ ಅಳತೆ), ದಿನಕ್ಕೆ ಎಂಟು ಗಂಟೆ, ಟೈಮರ್ ಹಾಕಿ. ಹರಿವಿನಲ್ಲಿ ಕಾಂಡಗಳು ಜೋಳದ ಪೈರಿನಂತೆ ತೂಗಬೇಕು. ಒಂದೇ ಕಡೆಗೆ ಬಾಗಿ ನಿಂತಿದ್ದರೆ ರಭಸ ಹೆಚ್ಚಾಗಿದೆ ಎಂದು ತಿಳಿಯಿರಿ.

ಬೆಂಗಳೂರಿನಿಂದ ಬಸ್ಸಿನಲ್ಲಿ ತರಿಸಿದರೆ ಬದುಕಿ ಬರುತ್ತದೆಯೇ?

ನವೆಂಬರ್‌ನಿಂದ ಫೆಬ್ರವರಿಯೊಳಗೆ, ರಾತ್ರಿ ಬಸ್ಸಿನಲ್ಲಿ, ಥರ್ಮೋಕೋಲ್ ಪೆಟ್ಟಿಗೆಯಲ್ಲಿ ತರಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಬೇಡವೇ ಬೇಡ. ನನ್ನ ಮೊದಲ ತುಂಡು ಮೇ ತಿಂಗಳಲ್ಲಿ ಬಂತು. ಚೀಲ ಬಿಚ್ಚಿದಾಗ ಕೊಳೆತ ಮೊಟ್ಟೆಯ ವಾಸನೆ ಹೊಡೆಯಿತು, ಉಳಿದದ್ದು ಲೋಳೆ ಮಾತ್ರ.

ಚೀಲವನ್ನು ಬಿಚ್ಚದೆ ಹದಿನೈದು-ಇಪ್ಪತ್ತು ನಿಮಿಷ ತೊಟ್ಟಿಯಲ್ಲಿ ತೇಲಿಬಿಡಿ. ಬಿಚ್ಚಿದ ಮೇಲೆ ತಡ ಮಾಡಬೇಡಿ. ದಾರಿಯುದ್ದಕ್ಕೂ ಚೀಲದಲ್ಲಿ ಸೇರಿದ ತ್ಯಾಜ್ಯ, ಪಿಎಚ್ ಕಡಿಮೆ ಇರುವವರೆಗೆ ಅಷ್ಟಾಗಿ ಕೇಡು ಮಾಡದ ಅಮೋನಿಯಂ ರೂಪದಲ್ಲಿರುತ್ತದೆ. ಚೀಲ ತೆರೆದೊಡನೆ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಪಿಎಚ್ ಏರುತ್ತದೆ, ಅಮೋನಿಯಂ ವಿಷಕಾರಿ ಅಮೋನಿಯಾ ಆಗುತ್ತದೆ. ಚೀಲದ ನೀರಿನ ಉಪ್ಪು ನೋಡಿ, ವ್ಯತ್ಯಾಸ ಕಡಿಮೆ ಇದ್ದರೆ ಅರ್ಧ ಗಂಟೆಯೊಳಗೆ ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪ ಸೇರಿಸಿ ಒಳಗೆ ಬಿಡಿ. ಚೀಲದ ನೀರು ತೊಟ್ಟಿಗೆ ಬೀಳಬಾರದು. ಅಯೋಡಿನ್ ದ್ರಾವಣದಲ್ಲಿ ಅದ್ದುವುದು ಈ ಹವಳಕ್ಕೆ ಬೇಡ.

ಕಲ್ಲಿಗೆ ಅಂಟಿಸುವುದು ಹೇಗೆ? ಅಂಟು ಹಿಡಿಯುತ್ತಲೇ ಇಲ್ಲ.

ಮೈಯೆಲ್ಲ ಲೋಳೆ ಇರುವುದರಿಂದ ಅಂಟು ಹಿಡಿಯುವುದಿಲ್ಲ. ಚಿಕ್ಕ ಕಲ್ಲಿನ ಮೇಲೆ ತುಂಡನ್ನು ಇಟ್ಟು, ಔಷಧ ಹಚ್ಚಿರದ ಹೊಸ ಸೊಳ್ಳೆಪರದೆಯ ಬಟ್ಟೆಯನ್ನು ಸಡಿಲವಾಗಿ ಹೊದಿಸಿ ರಬ್ಬರ್ ಬ್ಯಾಂಡ್ ಹಾಕಿ. ಒಂದು ವಾರ, ಹತ್ತು ದಿನಗಳಲ್ಲಿ ತಾನೇ ಹಿಡಿದುಕೊಳ್ಳುತ್ತದೆ. ಆ ಕಲ್ಲನ್ನು ಉಳಿದ ಕಲ್ಲುಗಳಿಂದ ಗೇಣುದ್ದ ದೂರ, ನಡುಗಡ್ಡೆಯಂತೆ ಇಡಿ. ಮುಂದೆ ಹಬ್ಬುವುದನ್ನು ತಡೆಯಲು ಇದೊಂದೇ ಉಪಾಯ.

ದೂಪ, ಪಟಾಕಿ, ಸೊಳ್ಳೆ ಔಷಧಗಳಿಂದ ತೊಂದರೆಯೇ?

ಹೌದು. ಸ್ಕಿಮ್ಮರ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಗುಳ್ಳೆಗಳಾಗಿ ತುಂಬುತ್ತದೆ. ಸೊಳ್ಳೆಗೆ ಹೊಡೆಯುವ ಸ್ಪ್ರೇ ತೊಟ್ಟಿಯ ಸೀಗಡಿಗಳನ್ನು ಕೊಲ್ಲುತ್ತದೆ, ಪಡಸಾಲೆಯಲ್ಲಿ ಅದನ್ನು ನಿಲ್ಲಿಸಿಯೇಬಿಡಿ. ಗಣೇಶನನ್ನು ಕೂರಿಸುವ ಮನೆಗಳಲ್ಲಿ ತೊಟ್ಟಿ ಇರುವ ಕೋಣೆ ಬೇರೆಯಾಗಿದ್ದರೆ ಒಳ್ಳೆಯದು. ದೀಪಾವಳಿಗೆ ಬಣ್ಣ ಹಚ್ಚಿಸುವಾಗ ಕಿಟಕಿ ತೆರೆದು, ಸ್ಕಿಮ್ಮರ್ ನಿಲ್ಲಿಸಿ, ತೊಟ್ಟಿಯಲ್ಲಿ ಹೊಸ ಇದ್ದಿಲು ಇಡಿ. ಕೈ ಹಾಕುವ ಮುನ್ನ ಸಾಬೂನು, ಕೊಬ್ಬರಿ ಎಣ್ಣೆ, ಕ್ರೀಮ್ ಯಾವುದೂ ಕೈಗಂಟಿರದಂತೆ ಬರೀ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ.

ಮಿಡಿತ ನಿಂತಿದೆ. ಸಾಯುತ್ತಿದೆಯೇ?

ಕೈಗಳು ಅರಳಿದ್ದು, ಕಾಂಡ ನೆಟ್ಟಗಿದ್ದರೆ ಸಾಯುತ್ತಿಲ್ಲ. ಉಪ್ಪು, ಉಷ್ಣತೆ, ಕ್ಷಾರತೆ ಅಳೆಯಿರಿ. ಪಂಪಿನ ದಿಕ್ಕು ಬದಲಾಗಿದೆಯೇ ನೋಡಿ. ನೈಟ್ರೇಟ್ ಸೊನ್ನೆಯಾಗಿದ್ದರೆ ಸ್ಕಿಮ್ಮರನ್ನು ರಾತ್ರಿ ನಿಲ್ಲಿಸಿ. ಎಲ್ಲ ಸರಿಯಿದ್ದರೂ ಕೆಲವೊಮ್ಮೆ ವಾರಗಟ್ಟಲೆ ಮಿಡಿಯದೆ ಇದ್ದು ತಾನಾಗಿ ಶುರುಮಾಡುತ್ತದೆ. ಆ ವಾರಗಳಲ್ಲಿ ಏನೂ ಮಾಡದೆ ಇರುವುದು ಬಹಳ ಕಷ್ಟ. ಆದರೂ ಜಾಗ ಬದಲಿಸುವುದು, ಬಾಟಲಿಯ ಔಷಧ ಸುರಿಯುವುದು ಬೇಡ.

ಕಾಂಡ ಬಾಗಿ, ತುದಿ ಕರಗಿ, ನೀರು ನಾರತೊಡಗಿದರೆ ಕಾಯಬೇಡಿ. ಕೊಳೆತ ಭಾಗವನ್ನು ಕೊಳವೆಯಿಂದ ಹೀರಿ ತೆಗೆಯಿರಿ, ಉಪ್ಪು ಮತ್ತು ಉಷ್ಣತೆ ಹೊಂದಿಸಿದ ನೀರಿನಿಂದ ಕಾಲು ಭಾಗ ಬದಲಿಸಿ, ಇದ್ದಿಲು ಹಾಕಿ. ಗಟ್ಟಿಯಾಗಿರುವ ಒಂದು ಕಾಂಡವನ್ನು ಕತ್ತರಿಸಿ ಬೇರೆ ಕಲ್ಲಿಗೆ ಕಟ್ಟಿ. ಇಡೀ ಗುಂಪು ಹೋದರೂ ಆ ಒಂದು ಕಾಂಡದಿಂದ ಮತ್ತೆ ಬೆಳೆಸಬಹುದು. ನಮ್ಮ ಈಗಿನ ಗುಂಪು ಆ ಏಪ್ರಿಲ್‌ನಲ್ಲಿ ಉಳಿದ ಮೂರು ಕಾಂಡಗಳ ಸಂತತಿ.

ಜೊತೆಯಲ್ಲಿ ಬೇರೆ ಮೃದು ಹವಳ ಇಡಬಹುದೇ?

ಮಶ್ರೂಮ್ ಹವಳ ಹೊಂದಿಕೊಳ್ಳುತ್ತದೆ. ಝೋವಾಂತಿಡ್ ಎಂಬ ಗುಂಡಿಯಾಕಾರದ ಪಾಲಿಪ್‌ಗಳನ್ನು ಇಡುವವರು ಒಂದು ಎಚ್ಚರಿಕೆಯನ್ನು ಮರೆಯಬಾರದು. ಅವುಗಳಲ್ಲಿ ಕೆಲವು ಜಾತಿಗಳ ಮೈಯಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಕೈಗವಸು, ಕನ್ನಡಕವಿಲ್ಲದೆ ಅವನ್ನು ಕತ್ತರಿಸಬೇಡಿ. ಅವು ಬೆಳೆದ ಕಲ್ಲನ್ನು ಸ್ವಚ್ಛ ಮಾಡಲೆಂದು ಕುದಿಸಲೇಬೇಡಿ, ಬಿಸಿನೀರು ಕೂಡ ಸುರಿಯಬೇಡಿ. ಆ ಆವಿಯನ್ನು ಉಸಿರಾಡಿ ಇಡೀ ಕುಟುಂಬಗಳು ಆಸ್ಪತ್ರೆ ಸೇರಿದ್ದುಂಟು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ನಾನಂತೂ ಇಡುವುದಿಲ್ಲ.

ತೊಟ್ಟಿ ತುಂಬ ಹಬ್ಬಿದೆ. ಹೆಚ್ಚಾದದ್ದನ್ನು ಏನು ಮಾಡಲಿ?

ಹರಿತವಾದ ಕತ್ತರಿಯಿಂದ ಕಾಂಡವನ್ನು ಬುಡದ ಮೇಲೆ ಕತ್ತರಿಸಿ, ಮೇಲೆ ಹೇಳಿದಂತೆ ಚಿಕ್ಕ ಕಲ್ಲಿಗೆ ಕಟ್ಟಿ. ಹದಿನೈದು ದಿನಗಳಲ್ಲಿ ಕೊಡುವಂತಾಗುತ್ತದೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಅರ್ಧ ಗಂಟೆಯ ದಾರಿಯಲ್ಲಿ ಬಂದ ತುಂಡು, ದೂರದಿಂದ ಬಂದದ್ದಕ್ಕಿಂತ ಹತ್ತು ಪಾಲು ಸುಲಭವಾಗಿ ಒಗ್ಗುತ್ತದೆ. ಅದಕ್ಕೇ ಹತ್ತಿರದ ಸಾಕುವವರು ಒಬ್ಬರಿಗೊಬ್ಬರು ಕೊಟ್ಟು ತೆಗೆದುಕೊಳ್ಳಲಿ ಎಂಬುದು ನನ್ನ ಆಸೆ. ನನ್ನ ತೊಟ್ಟಿ ಬರಿದಾದರೆ ನಾನು ಕೊಟ್ಟ ಮನೆಯಿಂದಲೇ ಒಂದು ಕಾಂಡ ವಾಪಸು ತರಬಹುದು.

ಕಾರವಾರಕ್ಕೋ ಗೋಕರ್ಣಕ್ಕೋ ಹೋದಾಗ ಕಡಲಿಗೆ ಬಿಟ್ಟು ಬರುತ್ತೇವೆ ಎಂದು ಕೆಲವರು ಪ್ರೀತಿಯಿಂದಲೇ ಹೇಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇದೇ ಕುಟುಂಬದ ಒಂದು ಮಿಡಿಯುವ ಹವಳ ಅಕ್ವೇರಿಯಂ ವ್ಯಾಪಾರದ ಮೂಲಕ ವೆನೆಜುವೆಲಾದ ಕಡಲಿಗೆ ಸೇರಿ, ಅಲ್ಲಿನ ಸ್ಥಳೀಯ ಹವಳಗಳ ಮೇಲೆ ಹಬ್ಬಿ ಅವುಗಳನ್ನು ಉಸಿರುಗಟ್ಟಿಸುತ್ತಿದೆ. ಕೊಡಲು ಯಾರೂ ಸಿಗದಿದ್ದರೆ ತುಂಡುಗಳನ್ನು ಡಬ್ಬಿಯಲ್ಲಿ ಹಾಕಿ ಎರಡು ದಿನ ಫ್ರೀಜರಿನಲ್ಲಿಟ್ಟು ಆಮೇಲೆ ಕಸಕ್ಕೆ ಹಾಕಿ. ನೀರು ಬದಲಿಸುವಾಗ ತೆಗೆದ ಉಪ್ಪುನೀರನ್ನು ಬಚ್ಚಲಿಗೆ ಸುರಿಯಿರಿ. ಹಿತ್ತಲಿಗೆ ಹಾಕಿದರೆ ಕರಿಬೇವು, ದಾಸವಾಳ ಒಣಗಿಹೋಗುತ್ತವೆ.